ಕಲೆ ಚರ್ಮದಲ್ಲಿ, ಪರೀಕ್ಷೆ ರಕ್ತಕ್ಕೆ
ಹೆಂಡತಿಯ ಸೊಂಟದ ಕೆಂಪು ಕಲೆಗಳಿಗೆ ನೂಲಿನ ಬಣ್ಣವೇ ಕಾರಣವೆಂದು ಇಳಕಲ್ಲಿನ ನಮ್ಮ ನೇಕಾರರ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಬಣ್ಣದಲ್ಲಿ ಅದ್ದುವ ಕೈ ಸ್ವಚ್ಛವಾಗಿರುವಾಗ ಸೊಂಟಕ್ಕೇಕೆ ಕಲೆ ಎಂಬ ಅನುಮಾನ ನನಗೆ ಬಂದದ್ದು ತಡವಾಗಿ. ಬಾಗಲಕೋಟೆಯ ವೈದ್ಯೆ ಚರ್ಮದ ತುಣುಕು ಪರೀಕ್ಷಿಸಿ, ಇದು ಲಿಂಫೋಮಾ ಎಂಬ ಕ್ಯಾನ್ಸರ್ ಎಂದರು. ಆಮೇಲೆ ರಕ್ತವನ್ನೂ ಕೇಳಿದರು.

"ರೋಗ ಚರ್ಮದಾಗ ಐತಿ, ರಕ್ತ ಯಾಕ್ರಿ?" ಎಂದೆ.

"ಈ ಕ್ಯಾನ್ಸರ್ ಹುಟ್ಟೋದ ರೋಗನಿರೋಧಕ ಕಣಗಳಾಗ; ಅವುಗಳ ಮೈಮ್ಯಾಲಿನ ಗುರುತು ನೋಡಬೇಕ್ರಿ. ಕೆಟ್ಟ ಕಣ ರಕ್ತಕ್ಕ ಇಳದಿದ್ರ ಗೊತ್ತಾಗ್ತೈತಿ."

ರಕ್ತದ ಸೀಸೆಗೆ ಅವಳ ಹೆಸರು ಅಂಟಿಸುವವರೆಗೂ ನಾನು ಕದಲಲಿಲ್ಲ. ಅಂಥ ಕಣ ರಕ್ತದಲ್ಲಿ ಕಾಣಲಿಲ್ಲವೆಂದು ವರದಿ ಬಂತು.

"ಇನ್ನೊಮ್ಮೆ ನೋಡ್ರಿ," ಎಂದೆ.

ಹೆಂಡತಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಈ ಸಲ ನಿಮ್ಮ ರಕ್ತ ಕೊಡ್ರಿ. ಅದರಾಗ ಸಂಶಯದ ಕಣ ಎಷ್ಟ ಅದಾವು ನೋಡ್ಲಿ."