ಬೆಂಕಿಪೊಟ್ಟಣದಲ್ಲಿದ್ದ ಕಣಜ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹೇಳಿದವರ ಎದುರಿಗೇ ನಗುತ್ತಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹುಳುಗಳ ಕಾಲು, ಮೀಸೆ ಅಳೆದು ಇದು ಇಂಥ ಜಾತಿ ಎಂದು ಹೆಸರು ಹಚ್ಚುವುದು ನನ್ನ ಕೆಲಸ. ಕಣ್ಣಿಗೆ ಕಾಣದ್ದಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಆಗ ನಾನು ಗೋರೆಗಾಂವ್‌ನ ಒಂದು ಕಾಲೇಜಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಜಿರಲೆಯ ಮೊಟ್ಟೆಚೀಲದಲ್ಲಿ ಬೆಳೆಯುವ ಕಣಜಗಳ ಕುಟುಂಬವೊಂದು ನನ್ನ ವಿಷಯ. ಅರ್ಧ ಸೆಂಟಿಮೀಟರಿನ ಕಪ್ಪು ಹುಳು, ಯಾರನ್ನೂ ಕಚ್ಚುವುದಿಲ್ಲ. ಇದರ ಹೊಟ್ಟೆ ಎಲ್ಲ ಕಣಜಗಳಂತೆ ಕೆಳಗೆ ಸೇರಿಕೊಳ್ಳದೆ ಬೆನ್ನಿನ ಮೇಲೆ ಎತ್ತರದಲ್ಲಿ ಅಂಟಿಕೊಂಡಿರುತ್ತದೆ. ನಡೆಯುವಾಗ ಪುಟ್ಟ ಬಾವುಟದ ಹಾಗೆ ಮೇಲೆ ಕೆಳಗೆ ಆಡುತ್ತದೆ. ಹೆಣ್ಣು ಮೊಟ್ಟೆಚೀಲವನ್ನು ಕೊರೆದು ಒಳಗೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಅದರ ಮರಿ ಜಿರಲೆಯ ಮೊಟ್ಟೆಗಳನ್ನೆಲ್ಲ ತಿಂದು ಮುಗಿಸಿ ಕಣಜವಾಗಿ ಹೊರಬರುತ್ತದೆ.

ಬೈಕುಲ್ಲಾದಲ್ಲಿ ಹೋಟೆಲು ನಡೆಸುವ ನನ್ನ ಸೋದರಮಾವನಿಗೆ ಇದನ್ನೆಲ್ಲ ವಿವರಿಸಿ, ಉಗ್ರಾಣದಲ್ಲಿ ಸತ್ತ ಕಣಜ ಸಿಕ್ಕರೆ ಬೆಂಕಿಪೊಟ್ಟಣದಲ್ಲಿ ಹಾಕಿ ಮೇಲೆ ತಾರೀಖು, ಗಂಟೆ ಬರೆದಿಡಲು ಹೇಳಿದ್ದೆ. "ಆಯ್ತು ಮಾರಾಯ್ತಿ. ಆದ್ರೆ ಗಿರಾಕಿಗಳ ಎದುರು ಇದರ ಸುದ್ದಿ ತೆಗೀಬೇಡ. ಈ ಹುಳ ಉಂಟು ಅಂದ್ರೆ ಜಿರಲೆ ಉಂಟು ಅಂತಾಯ್ತಲ್ಲ," ಎಂದಿದ್ದರು. ಆದರೂ ಚಾಚೂ ತಪ್ಪದೆ ಬರೆದಿಡುತ್ತಿದ್ದರು.

ಆ ಮೇ ತಿಂಗಳಲ್ಲಿ ಸಂಗ್ರಹಾಲಯವೊಂದರಿಂದ ಹಳೆಯ ಕಣಜವೊಂದನ್ನು ಎರವಲು ತಂದಿದ್ದೆ. ಒಂದು ಜಾತಿಗೆ ಮೊದಲು ಹೆಸರಿಟ್ಟವರು ಎದುರಿಗಿಟ್ಟುಕೊಂಡಿದ್ದ ಹುಳುವೇ ಅದು. ಆ ಜಾತಿಯ ಬಗ್ಗೆ ಯಾವ ಅನುಮಾನ ಬಂದರೂ ಕೊನೆಗೆ ಅದನ್ನೇ ನೋಡಬೇಕು. ಕಳೆದರೆ ಅದರ ಬದಲಿಗೆ ಇನ್ನೊಂದಿಲ್ಲ. ಎದೆಯ ಅಡಿಯಲ್ಲಿರುವ ಸಣ್ಣ ಕವಲುಮುಳ್ಳನ್ನು ನೋಡದೆ ಜಾತಿ ಖಚಿತವಾಗುವುದಿಲ್ಲ. ಹುಳುವನ್ನು ಅಂಟಿಸಿಟ್ಟಿದ್ದ ಕಾರ್ಡಿನ ಅಂಟಿನೊಳಗೆ ಅದು ಮುಚ್ಚಿಹೋಗಿತ್ತು. ಅನುಮತಿ ಪಡೆದು, ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ಅಂಟು ನೆನೆಸಿ ಹುಳುವನ್ನು ಬಿಡಿಸಿದೆ. ಒಂಬತ್ತೂವರೆಯಿಂದ ಮಧ್ಯಾಹ್ನದವರೆಗೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಅದರ ಚಿತ್ರ ಬರೆದೆ. ಎಡ ಮೀಸೆಯ ತುದಿಯ ಮೂರು ಗಂಟುಗಳು ಮುರಿದಿದ್ದವು. ಬಲಗಡೆಯ ಹಿಂಗಾಲಿನ ಮೇಲೆ ಹಳದಿ ಅಂಟಿನ ಕಲೆ ಉಳಿದಿತ್ತು. ಅದನ್ನೂ ಬರೆದುಕೊಂಡೆ.

ಹುಳು ಮೇಜಿನ ಮೇಲಿರುವಾಗ ಫ್ಯಾನ್ ಹಾಕಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಮುಂಬಯಿಯ ಮೇ ತಿಂಗಳಲ್ಲೂ ಹಾಕಬಾರದು. ಊಟ ಮಾಡಿ ಬೆವರಿ ತೊಪ್ಪೆಯಾಗಿ ಬಂದವಳು ಮನೆಯ ರೂಢಿಯಲ್ಲಿ ಸ್ವಿಚ್ ಒತ್ತಿಬಿಟ್ಟೆ. ಬೆರಳು ಸ್ವಿಚ್ಚಿನ ಮೇಲಿರುವಾಗಲೇ ತಪ್ಪು ಗೊತ್ತಾಯಿತು. ಆದರೆ ಒಣಗಲೆಂದು ಇಟ್ಟಿದ್ದ ಹೀರುಕಾಗದದ ಮೇಲೆ ಕಣಜ ಇರಲಿಲ್ಲ.

ಬಾಗಿಲು ಹಾಕಿ, ಟಾರ್ಚ್ ಹಿಡಿದು, ನೆಲಕ್ಕೆ ಮೊಣಕಾಲೂರಿ ಸಂಜೆ ಆರರವರೆಗೆ ಹುಡುಕಿದೆ. ಸಿಗಲಿಲ್ಲ. ಇನ್ನು ನನ್ನ ಕೈಗೆ ಯಾರೂ ಒಂದು ಹುಳುವನ್ನೂ ಕೊಡುವುದಿಲ್ಲ, ನನ್ನ ಓದು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಂಟಾಪ್ ಹಿಲ್‌ನ ಮನೆಗೆ ಹೋಗಿ ಅಮ್ಮನಿಗೆ ಮುಖ ತೋರಿಸಲು ಧೈರ್ಯವಾಗದೆ, ದಾದರಿನಲ್ಲಿ ಲೋಕಲ್ ಬದಲಿಸಿ ಬೈಕುಲ್ಲಾದಲ್ಲಿ ಇಳಿದೆ.

ಮಾವ ಚಹಾ ತಂದಿಟ್ಟು, "ಎಂಥ ಆಯ್ತು? ಮುಖ ಬಾಡಿದೆಯಲ್ಲ," ಎಂದರು. ಅವರು ಗಲ್ಲಾದಿಂದ ಬೆಂಕಿಪೊಟ್ಟಣವೊಂದನ್ನು ತೆಗೆದು ಕೊಟ್ಟರು. "ತಗೊ, ನಿನ್ನ ಹುಳ. ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಬಿದ್ದಿತ್ತು. ಯಾಕೋ ಒದ್ದೆ ಇತ್ತು, ಒಣಗಿಸಿ ಇಟ್ಟಿದ್ದೇನೆ."

ಒದ್ದೆ ಎಂದದ್ದು ಕಿವಿಗೆ ಬಿದ್ದು ಚೀಲದಿಂದ ಭೂತಗನ್ನಡಿ ತೆಗೆದೆ. ಎಡ ಮೀಸೆಯಲ್ಲಿ ಮೂರು ಗಂಟುಗಳಿರಲಿಲ್ಲ. ಬಲ ಹಿಂಗಾಲಿನ ಮೇಲೆ ಹಳದಿ ಕಲೆ. ಗಿರಾಕಿಗಳ ಎದುರೇ ಬಿಕ್ಕಿ ಬಿಕ್ಕಿ ಅತ್ತೆ. ಹೋದ ಜೀವ ಬಂದಂತಾಗಿತ್ತು. ಪೊಟ್ಟಣದ ಮೇಲೆ ಮಾವ ಬರೆದದ್ದನ್ನು ಓದಿದ್ದು ಆಮೇಲೆ. ಅಂದಿನ ತಾರೀಖು, ಬೆಳಿಗ್ಗೆ ಹತ್ತು ಗಂಟೆ.

"ಹತ್ತೇನಾ ಮಾವ?"

"ಹತ್ತೇ. ಇಡ್ಲಿ ಮುಗಿದು ಊಟಕ್ಕೆ ಅಕ್ಕಿ ತೆಗೀಲಿಕ್ಕೆ ಹೋದಾಗ. ಯಾಕೆ, ಬರೆದದ್ದು ತಪ್ಪಾಯ್ತಾ?"

ತಪ್ಪಿಲ್ಲ ಎಂದೆ.

ಮರುದಿನ ನನ್ನ ಚಿತ್ರದ ಪಕ್ಕದಲ್ಲಿಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಿಂತಿರುಗಿಸಲು ಹೋದಾಗ ಸಂಗ್ರಹಾಲಯದಲ್ಲಿ ಹುಳುಗಳನ್ನು ನೋಡಿಕೊಳ್ಳುವ ಹೆಂಗಸೂ ಹಳೆಯ ದಾಖಲೆ ತೆಗೆದು ಬಹಳ ಹೊತ್ತು ಹೋಲಿಸಿದರು. "ಬರೋಬರ್ ಹೈ," ಎಂದು ಡ್ರಾಯರ್ ಮುಚ್ಚಿದರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನನ್ನ ಬಟ್ಟೆಗೆ ಅಂಟಿಕೊಂಡು ಹೋಯಿತೆನ್ನೋಣವೆಂದರೆ, ಬೈಕುಲ್ಲಾಕ್ಕೆ ಹೋಗಿ ನನಗೆ ಎರಡು ವಾರವಾಗಿತ್ತು. ಅದೇ ಜಾತಿಯ ಬೇರೆ ಹುಳು ಎನ್ನೋಣವೆಂದರೆ, ಉಗ್ರಾಣದ ಹುಳುವಿಗೆ ಕಾರ್ಡಿನ ಅಂಟು ಎಲ್ಲಿಂದ ಬರಬೇಕು? ಹತ್ತು ಗಂಟೆಗೆ ನನ್ನ ಕಣ್ಣೆದುರಿಗಿದ್ದದ್ದು ಯಾವುದು? ನನಗೆ ಇಂದಿಗೂ ಗೊತ್ತಿಲ್ಲ.

ಹೋದ ವರ್ಷ ಆ ಪ್ರಯೋಗಾಲಯವನ್ನು ಬೇರೆ ಬಿಲ್ಡಿಂಗಿಗೆ ಸಾಗಿಸಿದರು. ಖಾಲಿ ಕೋಣೆಯನ್ನು ನಾನೇ ಗುಡಿಸುತ್ತೇನೆಂದು ಹಟ ಹಿಡಿದೆ. ಮೂಲೆ ಮೂಲೆಯ ಕಸವನ್ನು ಬಿಳಿ ಹಾಳೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಕೂತೆ. ಅಲ್ಲೊಂದು ಕಣಜ ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕಿದೆ. ಸಿಗಲಿಲ್ಲ. ಎದ್ದು ಫ್ಯಾನ್ ಹಾಕಿ, ಅದರ ಕೆಳಗೆ ತುಂಬಾ ಹೊತ್ತು ನಿಂತೆ.