ನಾಲ್ಕು ಇಂಚು ಮಂಜುಗಡ್ಡೆ

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಹಾಗಿದ್ದೂ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ನಮ್ಮ ಗ್ಯಾರೇಜಿನಲ್ಲಿ ಒಂದು ಚಳಿಗಾಲ ಮೀನು ಹಿಡಿಯುವ ಸಾಮಾನು ತುಂಬಿಕೊಂಡಿತ್ತು. ನನ್ನ ಗಂಡ ಲೀಡ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ನಾನು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿದ್ದೇನೆ. ಆ ಡಿಸೆಂಬರಿನಲ್ಲಿ ಕಂಪನಿಯ ಮೀಟಿಂಗಿಗೆಂದು ಇವರು ಉತ್ತರ ಫಿನ್ಲೆಂಡಿಗೆ ಹೋದರು. ಅಲ್ಲಿಯವರು ಇವರನ್ನು ಹೆಪ್ಪುಗಟ್ಟಿದ ಕೆರೆಯ ಮೇಲೆ ಬಕೆಟ್ ಬೋರಲು ಹಾಕಿ ಕೂರಿಸಿ, ಐಸಿನಲ್ಲಿ ತೂತು ಕೊರೆದು, ಕೈಗೊಂದು ಗಾಳ ಕೊಟ್ಟರು. ಒಂದು ಮೀನೂ ಬೀಳಲಿಲ್ಲವಂತೆ. ಅಂದು ಸಂಜೆ ಫೋನ್ ಮಾಡಿ, "ಎರಡು ತಾಸು ತಲ್ಯಾಗ ಏನೂ ಓಡಲಿಲ್ಲ. ಬರೇ ತೂತು ನೋಡಕೋತ ಕುಂತಿದ್ದೆ" ಅಂದರು.

ಬೇರೆ ಹೆಂಡತಿಯಾಗಿದ್ದರೆ ನಗುತ್ತಿದ್ದಳು. ನಾನು ನಗಲಿಲ್ಲ. ಒಂದು ವರ್ಷದಿಂದ ಇವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಬೆಳಗಿನ ಪೂಜೆ ನಿಂತಿತು, ಆಮೇಲೆ ಊಟದ ಮೇಲಿನ ಆಸೆಯೂ ಹೋಯಿತು. ಕಾರಣ ಕೇಳಿದರೆ ಏನೂ ಇಲ್ಲ ಅನ್ನುತ್ತಿದ್ದರು. ಜಿಪಿ, ಅಂದರೆ ಇಲ್ಲಿನ ಕುಟುಂಬದ ಡಾಕ್ಟರ ಹತ್ತಿರ ಹೋಗೋಣ ಅಂದರೆ ಸುತರಾಂ ಒಪ್ಪುತ್ತಿರಲಿಲ್ಲ. ದಿನವೂ ಜನರ ಎಲುಬಿನ ಚಿತ್ರ ತೆಗೆಯುವ ನನಗೆ ಪಕ್ಕದಲ್ಲೇ ಮಲಗಿದವರ ಒಳಗೆ ಏನಾಗಿದೆ ಎಂದು ತಿಳಿಯದೆ ರೇಗುತ್ತಿತ್ತು. ನನಗೆ ನನ್ನ ಗಂಡ ಮೊದಲಿನಂತೆ ವಾಪಸು ಬೇಕಿತ್ತು. ಒಂದು ತೂತು ನೋಡಿಕೊಂಡು ಕೂತರೆ ಬರುವುದಾದರೆ ತೂತೇ ಆಗಲಿ ಅಂದುಕೊಂಡೆ.

ಹಾಗೆ ಸಾಮಾನು ಕೂಡಿಸುವುದು ಶುರುವಾಯಿತು. ಊರಿನ ಗಾಳದ ಅಂಗಡಿಯವನು ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, ಇಲ್ಲಿ ಐಸ್ ಮೇಲೆ ಯಾರೂ ಮೀನು ಹಿಡಿಯುವುದಿಲ್ಲ, ಇಲ್ಲಿನ ಐಸ್ ನಿಲ್ಲುವಂಥದ್ದಲ್ಲ ಅಂದ. ಇವರು ತಲೆಯಾಡಿಸಿ ಬಂದು ಎಲ್ಲವನ್ನೂ ಆನ್‌ಲೈನ್ ತರಿಸಿದರು. ಮೊದಲು ಬಂದದ್ದು ಕೈಯಲ್ಲಿ ತಿರುಗಿಸುವ ದೊಡ್ಡ ತಿರುಪು, ಐಸ್ ಕೊರೆಯಲು. ಆಮೇಲೆ ಮೊಳದುದ್ದದ ಎರಡು ಗಾಳದ ಕೋಲು. ಅಷ್ಟು ಗಿಡ್ಡ ಕೋಲು ನೋಡಿ ನಾನು, ಮಕ್ಕಳ ಆಟದ ಸಾಮಾನು ಬಂದಿದೆ, ವಾಪಸು ಕಳಿಸಿ ಅಂದೆ. ತೂತಿನ ಪಕ್ಕದಲ್ಲೇ ಕೂರುವವರಿಗೆ ಉದ್ದ ಕೋಲು ಬೇಡವಂತೆ. ಬೂಟಿಗೆ ಕಟ್ಟುವ ಮುಳ್ಳಿನ ಪಟ್ಟಿ, ಹೆಜ್ಜೆಹೆಜ್ಜೆಗೂ ಕುಟ್ಟಿ ನೋಡಲು ಒಂದು ಕಬ್ಬಿಣದ ಹಾರೆ, ಕೂರಲು ಬಕೆಟ್. ತೂತಿನಲ್ಲಿ ತೇಲುವ ಐಸಿನ ಚೂರು ತೆಗೆಯಲು ಜಾಲರಿಯಂಥ ಸೌಟು ಬೇಕೆಂದಾಗ, ಅದಕ್ಕೂ ದುಡ್ಡು ಯಾಕೆ ಸುರಿಯುತ್ತೀರಿ ಎಂದು ನನ್ನ ಬೂಂದಿ ಕರಿಯುವ ಸೌಟು ಕೊಟ್ಟೆ. ಗಾಳಕ್ಕೆ ಹುಳ ತಂದು ಫ್ರಿಜ್ಜಿನಲ್ಲಿಡುತ್ತೇನೆ ಅಂದ ದಿನ ಮಾತ್ರ ಮನೆಯಲ್ಲಿ ರಾಮಾಯಣವಾಯಿತು. ಕಡೆಗೆ ಡಬ್ಬಿಯ ಮೆಕ್ಕೆಜೋಳದ ಕಾಳಿಗೆ ರಾಜಿಯಾದೆವು. ಬಿದ್ದ ಮೀನನ್ನು ಹಾಗೇ ಬಿಟ್ಟುಬಿಡುವುದು ಎಂದೂ ಮಾತಾಯಿತು.

ಕೊನೆಗೆ ಬಂದದ್ದು ಜೀವ ಉಳಿಸುವ ಸಾಮಾನು. ಎರಡು ಗಿಡ್ಡ ಹಿಡಿಕೆ, ಎರಡರ ತುದಿಗೂ ಚೂಪು ಮೊಳೆ, ನಡುವೆ ಒಂದು ದಾರ. ಐಸ್ ಒಡೆದು ನೀರಿಗೆ ಬಿದ್ದರೆ ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು, ಐಸಿಗೆ ಚುಚ್ಚಿ ಮೈಯನ್ನು ಮೇಲೆಳೆದುಕೊಳ್ಳಬೇಕು. ದಾರವನ್ನು ಕೊರಳಿಗೆ ಹಾಕಿಕೊಳ್ಳಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಇಬ್ಬರಿಗೂ ಒಂದೊಂದು ಜೊತೆ ತರಿಸಿದ್ದರು. ಐಸ್ ನಾಲ್ಕು ಇಂಚಿಗಿಂತ ತೆಳ್ಳಗಿದ್ದರೆ ಕಾಲಿಡಬಾರದು ಎಂಬ ನಿಯಮವನ್ನು ನನಗೆ ಬಾಯಿಪಾಠ ಮಾಡಿಸಿದರು. ಎಷ್ಟೋ ತಿಂಗಳ ಮೇಲೆ ಇವರು ಒಂದೇ ಉಸಿರಿಗೆ ಹತ್ತು ಮಾತಾಡಿದ್ದು ಅಂದೇ.

ಜನವರಿಯಲ್ಲಿ ಎರಡು ವಾರ ಬಿಡದೆ ಹಿಮ ಕಚ್ಚಿತು. ಊರ ಮೇಲಿನ ಗುಡ್ಡದಲ್ಲಿ ಒಂದು ಹಳೆಯ ಬಟ್ಟೆಗಿರಣಿಯ ಕೆರೆಯಿದೆ. ಗಿರಣಿ ಹೋಗಿ ಎಷ್ಟೋ ಕಾಲವಾಯಿತು, ಕೆರೆ ಉಳಿದಿದೆ. ಪಕ್ಕದ ಹೊಲದ ಮುದುಕ ಅದರ ಮಾಲೀಕ. ಇವರು ಫಿನ್ಲೆಂಡಿನಿಂದ ಬಂದ ವಾರವೇ ಅವನಿಗೆ ದುಡ್ಡು ಕೊಟ್ಟು ವರ್ಷದ ಚೀಟಿ ಮಾಡಿಸಿಕೊಂಡಿದ್ದರು, ದಂಡೆಯಲ್ಲಿ ಕೂತು ಗಾಳ ಹಾಕಲು. ಐಸ್ ಮೇಲೆ ಹೋಗಬಹುದೇ ಎಂದು ಅವನನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾನೆ ಎಂದು ಇಬ್ಬರಿಗೂ ಗೊತ್ತಿತ್ತು. ಆಸ್ಪತ್ರೆಯ ಪಾಳಿಯಲ್ಲಿ ನನಗೆ ರಜೆ ಇದ್ದ ಒಂದು ಭಾನುವಾರ ಬೆಳಿಗ್ಗೆ ಹೊರಟೆವು.

ಮಂಜು ಎಷ್ಟು ಕವಿದಿತ್ತೆಂದರೆ ಆಚೆ ದಂಡೆ ಕಾಣುತ್ತಿರಲಿಲ್ಲ. ಹಕ್ಕಿಯ ಸದ್ದಿಲ್ಲ, ರಸ್ತೆಯ ಸದ್ದೂ ಇಲ್ಲ. ದಂಡೆಯ ಪಕ್ಕದಲ್ಲಿ ಐಸ್ ಸ್ವಲ್ಪ ಒಳಕ್ಕೆ ಬಾಗಿ ಕೂತಿತ್ತು, ಅಂಚಿನುದ್ದಕ್ಕೂ ಒಂದು ಸಣ್ಣ ಬಿರುಕು ಇತ್ತು. ನೋಡಿದೆ, ಅರ್ಥವಾಗಲಿಲ್ಲ. ಕಾರಿನ ಬಳಿ ಬೂಟಿಗೆ ಮುಳ್ಳು ಕಟ್ಟಿಕೊಂಡು, ಮೊಳೆಯ ಹಿಡಿಕೆಗಳನ್ನು ಕೊರಳಿಗೆ ಹಾಕಿಕೊಂಡೆವು. ಆ ಹೊತ್ತಿನಲ್ಲಿ ಇಬ್ಬರೂ ಒಂದು ತಪ್ಪು ಮಾಡಿದೆವು. ನಾವು ಧಾರವಾಡ ಕಡೆಯ ಲಿಂಗವಂತರು. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ. ಕೊರಳಿಗೆ ಕಟ್ಟಿದ್ದು ಅಂಗಿಯ ಒಳಗಿರಬೇಕು, ಮಂದಿಗೆ ಕಾಣಬಾರದು ಎಂದು ಬೈಸಿಕೊಂಡೇ ಬೆಳೆದವರು. ಯೋಚನೆಯೇ ಮಾಡದೆ ಇಬ್ಬರೂ ಆ ಹಿಡಿಕೆಗಳನ್ನು ಸ್ವೆಟರಿನ ಒಳಗೆ ಇಳಿಬಿಟ್ಟು, ಮೇಲೆ ಜಾಕೆಟ್ಟಿನ ಜಿಪ್ಪನ್ನು ಗದ್ದದವರೆಗೆ ಎಳೆದುಕೊಂಡೆವು.

ದಂಡೆಯಿಂದ ಇಪ್ಪತ್ತು ಹೆಜ್ಜೆ ಹೋದೆವು. ಇವರು ಮುಂದೆ ಹಾರೆ ಕುಟ್ಟುತ್ತ, ನಾನು ಹಿಂದೆ. ಹಾರೆಯ ಪೆಟ್ಟಿಗೆ ಸದ್ದು ಗಟ್ಟಿ ನೆಲದಂತೆ ಬರಲಿಲ್ಲ. ಊರ ಕಡೆ ಕಾಳು ತುಂಬಿಡುವ ನೆಲದೊಳಗಿನ ಹಗೇವಿನ ಮುಚ್ಚಿದ ಬಾಯಿ ತಟ್ಟಿದಂತೆ, ಕೆಳಗೆಲ್ಲೋ ತಡವಾಗಿ ಬರುತ್ತಿತ್ತು. ತಿರುಪು ಹಾಕಿ ಕೊರೆದು ಅಳೆದರು. ಐದು ಇಂಚು. ನಿಯಮಕ್ಕಿಂತ ಒಂದು ಇಂಚು ಹೆಚ್ಚೇ ಎಂದು ಖುಷಿಪಟ್ಟರು. ಫಿನ್ಲೆಂಡಿನಲ್ಲಿ ತೂತು ಕೊರೆದೊಡನೆ ನೀರು ಉಕ್ಕಿ ಅಂಚಿನವರೆಗೆ ಬಂದಿತ್ತಂತೆ. ಇಲ್ಲಿ ಬರಲಿಲ್ಲ. ಗೇಣಿನಷ್ಟು ಆಳದಲ್ಲಿ ಕಪ್ಪಗೆ ನಿಂತಿತ್ತು. ಒಂದೊಂದು ಊರಿಗೆ ಒಂದೊಂದು ರೀತಿ ಇರಬಹುದು ಎಂದರು.

ಕೂತೆವು. ಚಳಿಗೆ ನನ್ನ ಮೂಗು ಉದುರಿಹೋಗುತ್ತದೆ ಅನ್ನಿಸಿತು. ಆದರೆ ಇವರ ಮುಖ ನೋಡಿ ಸುಮ್ಮನಾದೆ. ಹುಬ್ಬಿನ ನಡುವಿನ ಗಂಟು ಬಿಚ್ಚಿಹೋಗಿತ್ತು. ಗಾಳದ ದಾರವನ್ನು ಎರಡು ಬೆರಳಲ್ಲಿ ಹಿಡಿದು ತೂತನ್ನೇ ನೋಡುತ್ತಿದ್ದರು. ಆ ಒಂದು ಮುಖಕ್ಕಾಗಿ ನಾನು ಅಲ್ಲಿ ರಾತ್ರಿಯವರೆಗೂ ಕೂರುತ್ತಿದ್ದೆ.

ತೂತಿನೊಳಗೆ ಐಸಿನ ಚೂರು ತೇಲುತ್ತಿತ್ತು. ಬೂಂದಿ ಸೌಟಿನಿಂದ ಬಳಿದು ಹಾಕಿದೆ. ಕಾಲು ಗಂಟೆ ಬಿಟ್ಟು ಮತ್ತೆ ಬಳಿಯಲು ಹೋದಾಗ ಸೌಟು ನೀರಿಗೆ ಮುಟ್ಟಲಿಲ್ಲ. ಕೈಯನ್ನು ಮೊಣಕೈವರೆಗೆ ಇಳಿಸಿದಾಗ ಸೌಟಿನ ತುದಿಗೆ ನೀರು ತಾಗಿತು. ಬಗ್ಗಿ ನೋಡಿದರೆ ತೂತಿನಿಂದ ನನ್ನ ಮುಖಕ್ಕೆ ಗಾಳಿ ಬಂತು. ತಣ್ಣಗಿನ, ಹಸಿ ಕೆಸರಿನ ವಾಸನೆಯ ಗಾಳಿ, ಯಾರೋ ಬಾಯಿ ತೆರೆದು ಉಸಿರು ಬಿಟ್ಟಂತೆ. ನಾನು "ರೀ" ಎಂದು ಕರೆದೆ. ಆ ಮಾತು ಕೆಳಗಿಳಿದು, ಕೆರೆಯ ನಡುವೆ ಎಲ್ಲಿಂದಲೋ, ನನ್ನದಲ್ಲದ ದನಿಯಲ್ಲಿ ತಿರುಗಿ ಬಂತು.

ಇವರು ತಲೆಯೆತ್ತದೆ ಬೆರಳು ತುಟಿಗಿಟ್ಟರು. ಮೊಣಕಾಲೂರಿ ತೂತಿಗೆ ಕಿವಿ ಹಚ್ಚಿದ್ದರು.

"ಕೇಳಿಲ್ಲಿ. ಕೆಳಗ ಮಂದಿ ಮಾತಾಡಾಕತ್ತಾರ."

ನಾನೂ ಕಿವಿಯಿಟ್ಟೆ. ಇಡಬಾರದಿತ್ತು. ಪಕ್ಕದ ಕೋಣೆಯಲ್ಲಿ ಹಿರಿಯರು ತಗ್ಗಿದ ದನಿಯಲ್ಲಿ ಏನೋ ತೀರ್ಮಾನ ಮಾಡುವಂತೆ ಕೇಳಿಸಿತು. ಶಬ್ದ ತಿಳಿಯಲಿಲ್ಲ, ರಾಗ ಮಾತ್ರ ನಮ್ಮ ಕಡೆಯದೇ. ಒಂದು ಗಳಿಗೆ ನನಗೂ ಇನ್ನಷ್ಟು ಬಗ್ಗಿ ಕೇಳಬೇಕೆನ್ನಿಸಿತು. ಯಾರು, ಯಾರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ತಿಳಿಯಬೇಕೆನ್ನಿಸಿತು. ಆಮೇಲೆ ಆ ಗುಜುಗುಜಿನ ನಡುವೆ ಗುಳುಗುಳು ಎಂದು ನೀರು ಎಳೆಯುವ ಸದ್ದು ಬಂತು. ಅದು ನನಗೆ ಗೊತ್ತಿದ್ದ ಸದ್ದು. ತೂಬು ತೆರೆದ ಕೆರೆ ಹಾಗೇ ಎಳೆಯುತ್ತದೆ. ಯಾರೋ ಈ ಕೆರೆಯ ನೀರು ಬಿಡುತ್ತಿದ್ದರು. ಬೆಳಗಿನಿಂದಲೇ ಬಿಡುತ್ತಿರಬೇಕು. ಐಸ್ ಎಷ್ಟೇ ದಪ್ಪವಿರಲಿ, ಕೆಳಗೆ ಆತುಕೊಳ್ಳಲು ನೀರೇ ಇರಲಿಲ್ಲ. ನಾವು ಗಾಳಿಯ ಮೇಲೆ ಹಾಸಿದ ಚಪ್ಪಡಿಯ ಮೇಲೆ ಕೂತಿದ್ದೆವು.

"ಏಳ್ರಿ. ತೂಬು ಬಿಟ್ಟಾರ. ದಂಡಿಗೆ ನಡೀರಿ."

ಇವರು ಇನ್ನೈದು ನಿಮಿಷ ಎಂದರು. ಮುಖದಲ್ಲಿ ಅದೇ ನೆಮ್ಮದಿ ಇತ್ತು. ಅದನ್ನು ನೋಡಿದಾಗ ನನಗೆ ಐಸಿಗಿಂತ ಅವರದೇ ಭಯವಾಯಿತು. ತೋಳು ಹಿಡಿದು ಎಳೆದೆ. ಅವರು ಒಲ್ಲದ ಮನಸ್ಸಿನಿಂದ ಎದ್ದು ಎರಡು ಹೆಜ್ಜೆ ಇಟ್ಟರು. ಆಗ ಕೆರೆಯ ಆ ತುದಿಯಿಂದ ಈ ತುದಿಗೆ ದೊಡ್ಡ ಮರ ಸೀಳಿದಂಥ ಸದ್ದು ಹರಿದುಬಂತು. ಚಪ್ಪಡಿ ಒಮ್ಮೆ ಕುಸಿದು ನಿಂತಿತು. ತಿರುಗಿ ನೋಡಿದರೆ ಇವರು ಇರಲಿಲ್ಲ.

ಒಂದು ಕ್ಷಣ ಮಾತ್ರ ಇರಲಿಲ್ಲ. ಆಮೇಲೆ ತಲೆ ಮೇಲೆ ಬಂತು, ಬಲಗೈ ಐಸಿನ ಅಂಚಿಗೆ ಬಂತು. ನಾನು ಹೊಟ್ಟೆಯ ಮೇಲೆ ಮಲಗಿಬಿಟ್ಟೆ. ಹಾಗೆ ಮಲಗಬೇಕೆಂದು ಅವರೇ ಹೇಳಿಕೊಟ್ಟಿದ್ದರು. ಅವರ ಎಡಗೈ ಕೊರಳ ಬಳಿ ಜಾಕೆಟ್ಟಿನೊಳಗೆ ಹೋಗಿತ್ತು. ಹಿಡಿಕೆ ಹುಡುಕುತ್ತಿದ್ದಾರೆ, ಮೂರು ಬಟ್ಟೆಯ ಒಳಗೆ ಸಿಗುವುದಿಲ್ಲ ಎಂದು ಹೊಳೆಯಿತು. ಎಂಥ ದಡ್ಡರು ನಾವು ಎಂದು ಆ ಹೊತ್ತಿನಲ್ಲೂ ಸಿಟ್ಟು ಬಂತು. ಹಲ್ಲಿನಿಂದ ಕೈಗವಸು ಎಳೆದು ಉಗುಳಿ, ನನ್ನ ಜಿಪ್ಪು ಇಳಿಸಿ, ಸ್ವೆಟರಿನೊಳಗೆ ಕೈ ಹಾಕಿದೆ. ಹಿಡಿಕೆಯ ದಾರಕ್ಕೂ ನನ್ನ ಲಿಂಗದ ಶಿವದಾರಕ್ಕೂ ಗಂಟು ಬಿದ್ದಿತ್ತು. ಬಿಡಿಸಲು ಪುರುಸೊತ್ತಿರಲಿಲ್ಲ. ಜಗ್ಗಿದೆ, ಶಿವದಾರ ಹರಿಯಿತು. ಹಿಡಿಕೆಗಳನ್ನು ಕೊರಳಿನಿಂದ ತೆಗೆದು ಐಸಿನ ಮೇಲೆ ಅವರ ಬಲಗೈಯ ಕಡೆ ಜಾರಿಸಿದೆ.

ಅವು ಹೋಗಿ ಬೆರಳಿಗೆ ತಾಗಿ ನಿಂತವು. ಇವರು ನೋಡಿದರು. ಹಿಡಿಯಲಿಲ್ಲ. ಚಳಿಗೆ ಕೈ ಮರಗಟ್ಟಿದೆ ಅಂದುಕೊಂಡೆ. ಕೆಳಗೆ ಆ ಗುಜುಗುಜು ಇನ್ನೂ ನಡೆದೇ ಇತ್ತು, ಈಗ ಇನ್ನೂ ಹತ್ತಿರದಲ್ಲಿ. ಇವರು ತಲೆ ಒಂದಿಷ್ಟು ವಾಲಿಸಿ ಅದನ್ನು ಕೇಳುತ್ತಿದ್ದಂತೆ ಕಂಡಿತು. ನನ್ನ ಎದೆಯ ಅಡಿಯಲ್ಲಿ ಐಸ್ ಸಣ್ಣಗೆ ಚಿಟಚಿಟ ಅನ್ನುತ್ತಿತ್ತು.

"ಹಿಡೀರಿ" ಅಂದೆ. "ನಾ ಇಲ್ಲಿಂದ ಹೋಗೂದಿಲ್ಲ. ಒಡದ್ರ ಇಬ್ಬರೂ ಹೋಗೂಣು."

ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಎಡಗೈ ಜಾಕೆಟ್ಟಿನಿಂದ ಹೊರಬಂತು. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಐಸಿಗೆ ಚುಚ್ಚಿ, ಕಾಲು ಬಡಿದು, ಒಮ್ಮೆ ಜಾರಿ, ಮತ್ತೊಮ್ಮೆ ಎದೆಯವರೆಗೆ ಮೇಲೆ ಬಂದರು. ನಾನು ಪಕ್ಕದಲ್ಲಿ ಬಿದ್ದಿದ್ದ ಹಾರೆಯ ತುದಿ ಚಾಚಿದೆ. ಇಬ್ಬರೂ ಉರುಳಿಕೊಂಡೇ ದಂಡೆ ಸೇರಿದೆವು. ಎದ್ದು ನಿಲ್ಲುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕಾರಿನ ಹೀಟರು ಪೂರ್ತಿ ಹಚ್ಚಿ, ಒದ್ದೆ ಬಟ್ಟೆ ಕಿತ್ತುಹಾಕಿ, ನನ್ನ ಕೋಟು ಸುತ್ತಿ ಕೂರಿಸಿದೆ. ಹೊಲದ ಮುದುಕ ಸದ್ದು ಕೇಳಿ ಓಡಿ ಬಂದವನು ಬಿಳಿಚಿಹೋದ. ಒಡ್ಡಿನ ಕಲ್ಲು ಸಡಿಲವಾಗಿ, ದುರಸ್ತಿಗೆಂದು ಬೆಳಕು ಹರಿಯುವ ಮೊದಲೇ ನೀರು ಬಿಟ್ಟಿದ್ದನಂತೆ. ಐಸ್ ಮೇಲೆ ಮನುಷ್ಯರು ಇರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ತಪ್ಪು ನಮ್ಮದೇ ಎಂದು ಕೈಮುಗಿದು, ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಮನೆಗೆ ಬಂದೆವು.

ಆಮೇಲಿನ ಎರಡು ದಿನ ನಾನು ಇವರನ್ನು ಬೈದದ್ದೇ ಬೈದದ್ದು. ಅಷ್ಟು ಓದಿದವರು, ಹಿಡಿಕೆಯನ್ನು ಸ್ವೆಟರಿನೊಳಗೆ ಯಾಕೆ ಬಿಟ್ಟಿರಿ ಎಂದು. ನಾನೂ ಬಿಟ್ಟಿದ್ದೆ, ಆದರೂ ಬೈದೆ. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅದನ್ನೇ ತೆಗೆದೆ: ಅಲ್ಲಿ ನೀರಲ್ಲಿ ಬಿದ್ದು ಕೊರಳಲ್ಲಿ ಕೈ ಹಾಕಿ ತಡಕಾಡುತ್ತಿದ್ದಿರಲ್ಲ ಎಂದು. ಇವರು ಚಹಾದ ಕಪ್ಪು ಕೆಳಗಿಟ್ಟರು.

"ನಾ ಅದನ್ನ ಹುಡುಕತಿರಲಿಲ್ಲ. ಲಿಂಗ ಹಿಡಕೊಂಡಿದ್ದೆ."

ನಮ್ಮಲ್ಲಿ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವುದು ಎರಡೇ ಹೊತ್ತಿಗೆ: ಪೂಜೆಗೆ ಕೂತಾಗ, ಮತ್ತು ಸತ್ತ ಮೇಲೆ ಮಣ್ಣಿಗೆ ಇಳಿಸುವಾಗ. ಇವರು ಪೂಜೆ ಬಿಟ್ಟು ತಿಂಗಳುಗಳಾಗಿದ್ದವು. ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡುತ್ತ ನಿಂತೆ. ಒಂದು ವರ್ಷದಿಂದ ಅವರ ತಲೆಯೊಳಗೆ ಓಡುತ್ತಿದ್ದದ್ದು ಏನೆಂದು ಆಗ ತಿಳಿಯಿತು.

"ನೀ ಹೋಗೂದಿಲ್ಲ ಅಂದಿ" ಎಂದರು ಇವರು, ಮೇಜನ್ನು ನೋಡುತ್ತ. "ನೀನೂ ಹೋಗತೀಯಲ್ಲಾ ಅಂತ ಹಿಡದೆ."

ನಾನು ಒಲೆ ಆರಿಸಿ, ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಎಂಟು ಗಂಟೆಗೆ ಜಿಪಿಗೆ ಫೋನ್ ಹಚ್ಚಿದೆ. ಸರದಿಯಲ್ಲಿ ಹದಿನಾಲ್ಕನೆಯವರು ನೀವು ಎಂದಿತು ಯಂತ್ರ. ಕಡೆಗೆ ಸರದಿ ಬಂತು. ಯಾರಿಗೆ ಹುಷಾರಿಲ್ಲ, ಏನು ತೊಂದರೆ ಎಂದು ಆಚೆಯಿಂದ ಒಬ್ಬ ಹೆಂಗಸು ಕೇಳಿದಾಗ ನಾನು ಬಾಯಿ ತೆರೆದೆ. ಇವರು ಕೈಚಾಚಿ ಫೋನನ್ನು ನನ್ನಿಂದ ತೆಗೆದುಕೊಂಡು, ನನಗೇ ಎಂದು ಹೇಳಿದರು.