ಕುಂಕುಮದ ಭರಣಿಗೆ ಬಿದ್ದ ತುಕ್ಕು

ನಲವತ್ತಾರು ದಾಟಿದ ಗಂಡಸೊಬ್ಬ ಹಳೇಬೀಡಿನ ಬಸ್ ನಿಲ್ದಾಣದಲ್ಲಿ ತನ್ನ ಚಿಕ್ಕಮ್ಮನ ಹಣೆಗೆ ಅಯಸ್ಕಾಂತ ಹಿಡಿದು ನಿಂತಿದ್ದನ್ನು ಊರಿನ ಅರ್ಧ ಜನ ಕಣ್ಣಾರೆ ಕಂಡಿದ್ದಾರೆ. ಉಳಿದರ್ಧ ಜನ ಕಂಡವರ ಬಾಯಿಂದ ಕೇಳಿದ್ದಾರೆ. ಅವರು ಕೇಳಿದ ಕಥೆಯೇ ಹೆಚ್ಚು ಸೊಗಸಾಗಿದೆ. ಆ ಗಂಡಸು ನಾನೇ ಆದ್ದರಿಂದ ನಿಜ ಸಂಗತಿಯನ್ನೂ ನಾನೇ ಹೇಳಿಬಿಡುವುದು ಮೇಲು.

ಅರಸೀಕೆರೆಯ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಆರು ವರ್ಷದಿಂದ ಡಾಕ್ಟರೇಟಿಗಾಗಿ ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಗಳ ಬೆನ್ನು ಹತ್ತಿದ್ದೇನೆ. ಗಾಬರಿಯಾಗಬೇಡಿ, ಅದು ತುಕ್ಕಿನ ಜಾತಿಯದೇ. ಒಂದು ಕೂದಲಿನ ಅಗಲದಲ್ಲಿ ಸಾವಿರಾರು ಕಣ ಸಾಲಾಗಿ ನಿಲ್ಲುವಷ್ಟು ಸಣ್ಣಗಿನ ತುಕ್ಕು. ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ ಅದಕ್ಕೆ ಚೂರು ಸತು ಸೇರಿಸುತ್ತೇನೆ. ಅಷ್ಟಕ್ಕೇ ಅದರ ಅಯಸ್ಕಾಂತ ಗುಣವೂ ಬದಲಾಗುತ್ತದೆ, ಅದು ಬೆಳಕನ್ನು ಹೀರುವ ರೀತಿಯೂ ಬದಲಾಗುತ್ತದೆ. ಎಷ್ಟು ಬದಲಾಯಿತು ಎಂದು ಅಳೆಯುವುದೇ ನನ್ನ ಸಂಶೋಧನೆ. ಇದನ್ನು ಅಮ್ಮನಿಗೆ ವಿವರಿಸಿದಾಗ ಅವಳು ಸೌತೆಕಾಯಿ ಹೆಚ್ಚುತ್ತಾ, "ತುಕ್ಕು ಹಿಡೀದಂಗೆ ಮಾಡೋದು ಕಲ್ತಿದ್ರೆ ನಾಕು ಜನಕ್ಕೆ ಉಪಕಾರ ಆಗೋದು. ನೀನು ಕೂತ್ಕೊಂಡು ತುಕ್ಕು ಮಾಡ್ತೀಯಲ್ಲೋ!" ಅಂದಳು. ಯಾವ ಪರೀಕ್ಷಕರೂ ಇಷ್ಟು ಕಷ್ಟದ ಪ್ರಶ್ನೆ ಕೇಳಿಲ್ಲ.

ವಿಶ್ವವಿದ್ಯಾಲಯ ಕೊಟ್ಟ ಕಡೆಯ ಗಡುವು ಹತ್ತಿರ ಬಂದಿತ್ತು. ಬೆಂಗಳೂರಿನ ಅಳತೆಯ ಯಂತ್ರಕ್ಕಾಗಿ ಬಹಳ ದಿನ ಕಾದು ನನ್ನ ಸರದಿ ಸಿಕ್ಕಿತ್ತು. ಅದು ತಪ್ಪಿದರೆ ಆರು ವರ್ಷ ನೀರಿನಲ್ಲಿ ಹೋಮ. ಸರದಿಯ ಹಿಂದಿನ ಸಂಜೆ ಚಿಟಿಕೆಯಷ್ಟು ಕಂದುಗೆಂಪು ಪುಡಿಯನ್ನು ಬೆಣ್ಣೆ ಕಾಗದದಲ್ಲಿ ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಹಳೇಬೀಡಿನ ಮನೆಗೆ ಬಂದೆ. ಬಾಟಲಿಗೆ ಹಾಕಬೇಕಿತ್ತು; ಸೋಮಾರಿತನ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಯಾರ ಜೇಬಿನಲ್ಲಿ ಮಡಿಸಿದ ಕಾಗದದ ಪೊಟ್ಟಣ ಸಿಕ್ಕರೂ ಅದು ಯಾವುದೋ ದೇವರ ಪ್ರಸಾದ. ಪ್ರಸಾದವನ್ನು ಪೊಟ್ಟಣದಲ್ಲೇ ಬಿಡಬಾರದು, ದೇವರ ಮನೆಯ ಭರಣಿಗೆ ಸುರಿಯಬೇಕು. ಬೇಲೂರಿನದು, ಜಾವಗಲ್ಲಿನದು, ಮಠದ್ದು, ನೆಂಟರು ಯಾತ್ರೆಯಿಂದ ತಂದದ್ದು, ಎಲ್ಲ ಕುಂಕುಮವೂ ಅಲ್ಲಿ ಒಂದಾಗಿದೆ. ಬೆರಕೆಯ ವಿದ್ಯೆಯಲ್ಲಿ ಅಮ್ಮ ನನಗಿಂತ ಬಹಳ ಹಿರಿಯಳು.

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಂಗಿ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

"ಅಮ್ಮಾ, ಜೇಬಲ್ಲಿದ್ದ ಪೊಟ್ಟಣ?"

"ಭರಣಿಗೆ ಹಾಕ್ದೆ. ಯಾವ ದೇವಸ್ಥಾನದ್ದೋ ಅದು? ಬಣ್ಣ ಒಸಿ ಮಂಕು."

ದೇವರ ಮನೆಗೆ ಓಡಿ ಭರಣಿಯೊಳಗೆ ಇಣುಕಿದೆ. ಸಾಲದ್ದಕ್ಕೆ, ರಾತ್ರಿ ನಮ್ಮಲ್ಲಿ ಉಳಿದಿದ್ದ ಗೆಂಡೆಹಳ್ಳಿಯ ಚಿಕ್ಕಮ್ಮ ಆಗತಾನೆ ಹೊರಟಿದ್ದಳು. ಅಮ್ಮ ಭರಣಿಯ ಮೇಲುಮೇಲಿನದನ್ನೇ ತೆಗೆದು ಅವಳ ಹಣೆಗೆ ಧಾರಾಳವಾಗಿ ಇಟ್ಟು, ಅವಳ ಸೊಸೆಗೂ ಒಂದು ಪೊಟ್ಟಣ ಕಟ್ಟಿಕೊಟ್ಟಿದ್ದಳು. ನನ್ನ ಡಾಕ್ಟರೇಟು ಬಸ್ಸಿಗೆ ಕಾಯುತ್ತಿತ್ತು.

ಚೀಲದಲ್ಲಿದ್ದ ಅಯಸ್ಕಾಂತ ಹಿಡಿದುಕೊಂಡು ಓಡಿದೆ. ಚಿಕ್ಕಮ್ಮ ಪೊಟ್ಟಣ ಕೊಟ್ಟಳು. ಹಣೆಯ ಕಡೆ ಕೈ ಚಾಚಿದಾಗ ಮಾತ್ರ ನಿಲ್ದಾಣವೇ ತಿರುಗಿ ನೋಡುವಂತೆ ಕೂಗಿದಳು: "ಹಣೆ ಕುಂಕುಮ ಒರೆಸ್ತೀಯೇನೋ? ನಿಮ್ಮ ಚಿಕ್ಕಪ್ಪ ಇನ್ನೂ ಗಟ್ಟಿಯಾಗವ್ರೆ ಕಣೋ!"

"ಒರೆಸಲ್ಲ ಚಿಕ್ಕಮ್ಮ. ಮುಟ್ಟೋದೂ ಇಲ್ಲ. ಸುಮ್ನೆ ಹತ್ರ ಹಿಡೀತೀನಿ."

ಹಿಡಿದೆ. ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತಕ್ಕೆ ಕಂದು ಧೂಳು ಒಂದಿಷ್ಟು ಹಾರಿ ಬಂದು ಅಂಟಿತು. ಹಣೆಯ ಕೆಂಪು ಹಾಗೇ ಉಳಿಯಿತು. ಆರು ವರ್ಷ ಅಯಸ್ಕಾಂತ ಗುಣವನ್ನು ಅಳೆದವನಿಗೆ ಅದರ ಸದ್ಗುಣ ಕಂಡದ್ದು ಅವತ್ತೇ: ತನ್ನದನ್ನಷ್ಟೇ ತೆಗೆದುಕೊಂಡು ಇನ್ನೊಬ್ಬರದನ್ನು ಅವರಿಗೇ ಬಿಡುತ್ತದೆ. ಬಸ್ಸು ಬಂತು. ಕಂಡಕ್ಟರು, "ಜ್ವರ ನೋಡ್ತಾ ಇದೀರಾ ಸಾರ್?" ಎಂದು ಕೇಳಿದ. ಹೌದೆಂದೆ.

ಮನೆಯಲ್ಲಿ ಭರಣಿಯನ್ನೂ ಅಯಸ್ಕಾಂತದಿಂದ ಜಾಲಾಡಿ, ಸಿಕ್ಕಿದ್ದನ್ನು ಬೆಂಗಳೂರಿಗೆ ಒಯ್ದೆ. ವಾರದ ಮೇಲೆ ನನ್ನ ಮಾರ್ಗದರ್ಶಕರು ಫೋನ್ ಮಾಡಿದರು. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬೈಯುವುದರಲ್ಲಿ ಹಿರಿಯರು. ಅವತ್ತು ಬೈಯಲಿಲ್ಲ. "ಏನ್ರೀ ಇದು! ಬೆಳಕು ಹೀರುವ ನಕ್ಷೆಯಲ್ಲಿ ಹೊಸ ಉಬ್ಬು ಬಂದಿದೆ. ಯಾರೂ ಕಂಡಿಲ್ಲದ್ದು! ಇದನ್ನೇ ಬರೆದುಬಿಡಿ."

ಬಾಯಲ್ಲಿ ನೀರೂರಿತು. ಸುಮ್ಮನಿದ್ದರೆ ಡಾಕ್ಟರೇಟು ಕೈಯಲ್ಲಿತ್ತು. ಆದರೆ ನಾಳೆ ಯಾರೋ ಅದೇ ಪ್ರಯೋಗವನ್ನು ಮತ್ತೆ ಮಾಡಬೇಕೆಂದರೆ ನಮ್ಮಮ್ಮನನ್ನು ಎಲ್ಲಿಂದ ತರುತ್ತಾರೆ? "ಸಾರ್, ಅದು ಕುಂಕುಮ. ಭರಣಿಯಲ್ಲಿ ನನ್ನ ಪುಡಿಗೆ ಅಂಟಿಕೊಂಡೇ ಬಂದಿದೆ" ಎಂದು ಎಲ್ಲವನ್ನೂ ಹೇಳಿದೆ. ಅವರು ಫೋನ್ ಇಟ್ಟುಬಿಟ್ಟರು. ಕೊನೆಗೆ ಅವರಿವರ ಕಾಲು ಹಿಡಿದು ಇನ್ನೊಂದು ಸರದಿ ಕೊಡಿಸಿದರು. ಗಡುವಿಗೆ ಆಗ ಹನ್ನೊಂದೇ ದಿನ.

ಈ ಸಲ ಹೊಸದಾಗಿ ಮಾಡಿದ ಪುಡಿಗೆ ಗಾಜಿನ ಬಾಟಲಿ, ಬಿಗಿ ಮುಚ್ಚಳ, ಮೇಲೆ ದಪ್ಪಕ್ಷರದಲ್ಲಿ 'ಪ್ರಸಾದವಲ್ಲ' ಎಂಬ ಚೀಟಿ. ಹೊರಡುವ ದಿನ ನೋಡಿದರೆ ಬಾಟಲಿ ದೇವರ ಮುಂದಿತ್ತು! ಮುಚ್ಚಳದ ಮೇಲೊಂದು ಕೆಂಪು ಬೊಟ್ಟು.

"ಮುಚ್ಚಳ ತೆಗ್ದಿಲ್ಲ ಕಣೋ" ಅಂದಳು ಅಮ್ಮ. "ಒಳಗೆ ಸೇರಬಾರ್ದು ಅಂದೆ, ಸೇರ್ಸಿಲ್ಲ. ಹೊರಗೆ ಇಡಬಾರ್ದು ಅಂತ ನಿಮ್ ಸಾರು ಹೇಳವ್ರಾ?"

ಹೇಳಿರಲಿಲ್ಲ. ಆ ಸಲದ ನಕ್ಷೆ ಉಬ್ಬಿಲ್ಲದೆ ನೆಟ್ಟಗೆ ಬಂತು, ಗಡುವಿನೊಳಗೆ ಪ್ರಬಂಧವೂ ಹೋಯಿತು. ಯಂತ್ರದ ಕೋಣೆಯ ಬಾಗಿಲಲ್ಲಿ ಮಾತ್ರ ಸಣ್ಣ ತಕರಾರಾಗಿತ್ತು. ಅಲ್ಲಿನ ತಂತ್ರಜ್ಞ ಬಾಟಲಿಯನ್ನು ತಿರುಗಿಸಿ ನೋಡಿ, "ಮೇಲಿರೋ ಈ ಕೆಂಪನ್ನ ಒರೆಸ್ಕೊಂಡು ಬನ್ನಿ" ಎಂದ. ಆರು ವರ್ಷದ ವಿಜ್ಞಾನವೆಲ್ಲ ಬೆನ್ನ ಹಿಂದಿತ್ತು. ಆದರೂ ನನ್ನ ಕೈ ಬಾಟಲಿಯನ್ನು ಎದೆಗೆ ಅವಚಿಕೊಂಡಿತು.

"ಒರೆಸೋಕಾಗಲ್ಲ ಸಾರ್" ಅಂದೆ. "ನಮ್ಮಪ್ಪ ಇನ್ನೂ ಗಟ್ಟಿಯಾಗಿದ್ದಾರೆ."